ಅವಿರೋಧ ಒಲ್ಲೆಂದ ಅನಸವ್ವ

ಬನಹಟ್ಟಿಯಲ್ಲಿ ಮೆಲ್ಲಗೆ ಮಾತಾಡುವ ಹೆಂಗಸು ಸಿಗುವುದು ಕಷ್ಟ. ಬೆಳಗಿನಿಂದ ಪವರ್‌ಲೂಮಿನ ಖಟಖಟದ ಮೇಲೆ ಮಾತಾಡಿ ಮಾತಾಡಿ ಗಂಟಲು ತಾನಾಗಿ ದೊಡ್ಡದಾಗಿರುತ್ತದೆ. ಅಂಥವರೊಳಗೂ ಅನಸವ್ವನದು ಕರೆಂಟು ಹೋದಾಗಲೂ ಇಳಿಯದ ದನಿ. ವಯಸ್ಸು ಅರವತ್ತರ ಹತ್ತಿರ. ಗಂಡ ಮಲಕಾಜಪ್ಪನ ಮಗ್ಗದ ಶೆಡ್ಡಿನಲ್ಲಿ ಕಂಡಿಕೆಗೆ ನೂಲು ಸುತ್ತುತ್ತ, ಪಕ್ಕದಲ್ಲಿ ಪೇಪರು ಹರವಿಕೊಂಡು, ಇಡೀ ದೇಶದ ಉಸಾಬರಿ ಮಾಡುವುದು ಅವಳ ದಿನಚರಿ.

ಪುಕ್ಕಟೆ ಕೊಡುವ ಸರಕಾರ ಕಂಡರೆ ಅವಳಿಗೆ ಆಗದು. ಮುನಸಿಪಾಲ್ಟಿಗೆ ಕಟ್ಟುವ ತೆರಿಗೆ, ಮನೆಪಟ್ಟಿ, ಕಡಿಮೆ ಇರಬೇಕು, ಆದರೆ ಎಲ್ಲರೂ ಕಟ್ಟಬೇಕು. ಕಟ್ಟದವನಿಗೆ ಗಟಾರ ನಾರುತ್ತದೆ ಅಂತ ಬಾಯಿ ತೆಗೆಯುವ ಹಕ್ಕಿಲ್ಲ ಅನ್ನುತ್ತಿದ್ದಳು. ಚೀನಾದವರು ಗಡಿಯಲ್ಲಿ ತಂಟೆ ತೆಗೆದ ಸುದ್ದಿ ಬಂದ ದಿನವಂತೂ ದಿಲ್ಲಿಯವರಿಗೆ ಅವಳ ಕೈಯಿಂದ ಬಿಡುಗಡೆ ಇರಲಿಲ್ಲ. “ಎದಿ ಸೆಟೆಸಿ ನಿಂತಾವನ ಜೋಡಿ ಕುಂತು ಚಾ ಕುಡೀತಾರಿವ್ರು. ಅವನ ಮಾಲು ತಗೊಳ್ಳೂದಂದ್ರ ನಮ್ಮ ರೊಕ್ಕದಾಗ ಅವನ ಬಂದೂಕಿಗೆ ಗುಂಡು ತುಂಬಿದಂಗ” ಅಂತ ಕಂಡಿಕೆಯನ್ನು ಬುಟ್ಟಿಗೆ ಎಸೆಯುತ್ತಿದ್ದಳು. ಮಲಕಾಜಪ್ಪ ಹೂಂ ಅನ್ನುತ್ತಿದ್ದ. ಹೂಂ ಅನ್ನುವುದರಲ್ಲಿ ಅವನನ್ನು ಮೀರಿಸಿದವರು ಓಣಿಯಲ್ಲಿ ಇರಲಿಲ್ಲ.

ಮುನಸಿಪಾಲ್ಟಿ ಇಲೆಕ್ಷನ್ನಿನ ಮಾತು ಬಂದರೆ ಅವಳು ಇನ್ನೂ ಗಟ್ಟಿ. ಆ ನೇಕಾರರ ಓಣಿಯಲ್ಲಿ ಮತ ಹಾಕಿದವರೇ ಇರಲಿಲ್ಲ ಅಂದರೂ ಸರಿ. ಇಲೆಕ್ಷನ್ ಬಂತೆಂದರೆ ಹಿರಿಯರು ಗುಡಿಯಲ್ಲಿ ಕೂತು, ಲಾಯಕ್ಕಾದ ಒಂದು ಮನೆಯ ಹೆಸರು ಹೇಳಿ, ತಾಟಿನಲ್ಲಿ ವೀಳ್ಯ ಇಡುತ್ತಿದ್ದರು. ಆ ಮನೆಯವರು ವೀಳ್ಯ ಎತ್ತಿಕೊಂಡರೆ ಮುಗಿಯಿತು, ಬೇರೆ ಯಾರೂ ಅರ್ಜಿ ಹಾಕುವಂತಿಲ್ಲ. ಒಂದೇ ಒಂದು ಮನೆ ಒಲ್ಲೆ ಅಂದರೂ ವೀಳ್ಯ ಎತ್ತುವಂತಿಲ್ಲ. ಅನಸವ್ವನ ಮಾವನೂ ಹಾಗೆ ವೀಳ್ಯ ಹಿಡಿದು ಮೆಂಬರ ಆದವನೇ. “ಓಟು ಅಂದ್ರ ಮನಿ ಮನಿ ಒಡ್ಯೂದು. ಅಣ್ಣಗ ತಮ್ಮ ಆಗಂಗಿಲ್ಲ, ಅತ್ತಿಗೆ ಸೊಸಿ ಆಗಂಗಿಲ್ಲ. ಅವಿರೋಧನ ಚೊಲೊ” ಅನ್ನುವುದು ಅವಳ ಪಾಠ.

ಈ ಪಾಠ ದಿನಾ ಕೇಳಿ ಕೇಳಿ ಬೇಸತ್ತವಳು ಸೊಸೆ ದಾನಮ್ಮ. ಮುಂದಿನ ಕೋಣೆಯಲ್ಲಿ ಓಣಿಯವರಿಗೆ ಜಂಪರು ಹೊಲಿಯುವವಳು. ಗಂಡ ಅಮಿತನಿಗೆ ಮುಧೋಳದ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ನೌಕರಿ, ಬರುವುದು ರವಿವಾರಕ್ಕೊಮ್ಮೆ. ಉಳಿದ ದಿನ ಅತ್ತೆ ಸೊಸೆ ರೊಟ್ಟಿ ಬಡಿಯುವಾಗಲೂ ವಾದ ಮಾಡುತ್ತಿದ್ದರು. “ಮಗ್ಗದಾವ್ರ ಪಟ್ಟಿ ಮನ್ನಾ ಆಗಬೇಕ್ರಿ ಅತ್ತಿ. ಕರೆಂಟ ಇಲ್ಲ, ಮಾಲು ಹೋಗವಲ್ದು, ಎಲ್ಲಿಂದ ತಂದು ಕಟ್ಟೂದು?” ಅಂತ ಸೊಸೆ. “ಇವತ್ತ ಪಟ್ಟಿ ಮನ್ನಾ ಅಂತಿ, ನಾಳೆ ಊಟ ಸೈತ ಸರಕಾರನ ಉಣಸಲಿ ಅಂತಿ” ಅಂತ ಅತ್ತೆ. ರೊಟ್ಟಿ ಮಾತ್ರ ಇಬ್ಬರದೂ ತೆಳ್ಳಗೇ ಆಗುತ್ತಿದ್ದವು.

ಎರಡು ಸಾವಿರದ ಹದಿಮೂರರ ಇಲೆಕ್ಷನ್ನಿಗೆ ಆ ವಾರ್ಡು ಹೆಣ್ಣುಮಕ್ಕಳಿಗೆ ಮೀಸಲಾಯಿತು. ಹಿರಿಯ ಗಿರಮಲ್ಲಪ್ಪ ಗುಡಿಯಲ್ಲಿ ಸಭೆ ಕರೆದ. ಆದರೆ ಆ ಸಲ ಅವನು ಯಾವ ಮನೆಯ ಹೆಸರನ್ನೂ ಹೇಳಲಿಲ್ಲ. ಗುಡಿಯ ಸ್ಲ್ಯಾಬಿಗೆ ಹೆಚ್ಚು ಯಾರು ಕೊಡುತ್ತಾರೋ ವೀಳ್ಯ ಅವರಿಗೆ ಅಂದ. ನೂಲಿನ ವ್ಯಾಪಾರಿ ಬಸಗೊಂಡಪ್ಪ ಎದ್ದು ನಿಂತು, ಇಡೀ ಸ್ಲ್ಯಾಬು ತನ್ನದೇ, ತನ್ನ ಹೆಂಡತಿಯೇ ಮೆಂಬರ, ಮೇಲೆ ಮಗ್ಗದ ಶೆಡ್ಡುಗಳ ಪಟ್ಟಿಯನ್ನೂ ಮನ್ನಾ ಮಾಡಿಸುತ್ತೇನೆ ಅಂದ. ಓಣಿಯ ಎಲ್ಲ ಮಗ್ಗಗಳಿಗೆ ನೂಲು ಕೊಟ್ಟು ಮಜೂರಿಯ ಮೇಲೆ ಸೀರೆ ನೇಯಿಸುವವನು ಅವನೇ. ಅವನು ತನ್ನ ದೊಡ್ಡ ಗೋದಾಮನ್ನು ಮುನಸಿಪಾಲ್ಟಿಯಲ್ಲಿ ವಾಸದ ಮನೆ ಅಂತ ಬರೆಸಿಕೊಂಡು ಸಣ್ಣ ಪಟ್ಟಿ ಕಟ್ಟುತ್ತಿದ್ದದ್ದು ಎಲ್ಲರಿಗೂ ಗೊತ್ತು. ಅದಕ್ಕೇ ಅವನಿಗೆ ಕುರ್ಚಿ ಬೇಕಿತ್ತು. ಆದರೂ ಯಾರೂ ತುಟಿ ಬಿಚ್ಚಲಿಲ್ಲ. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ!

ಹಿಂದೆ ಹೆಣ್ಣುಮಕ್ಕಳ ಸಾಲಿನಲ್ಲಿ ಕೂತಿದ್ದ ಅನಸವ್ವನಿಗೆ ನೆತ್ತಿ ಸುಟ್ಟಂತಾಯಿತು. ಎದ್ದು ನಿಂತಳು.

“ಗಿರಮಲ್ಲಪ್ಪಣ್ಣ, ಇದು ವೀಳ್ಯಾನೋ ದನದ ಸಂತಿಯೋ? ನಮ್ಮ ಮಾವ ವೀಳ್ಯ ಹಿಡದಾಗ ಗುಡಿಗೆ ಒಂದು ತೆಂಗಿನಕಾಯಿ ಸೈತ ಕೊಟ್ಟಿರಲಿಲ್ಲ. ಇದಕ್ಕ ನಮ್ಮ ಮನಿ ಒಪ್ಪಿಗಿ ಇಲ್ಲ.”

ಬಸಗೊಂಡಪ್ಪ ನಕ್ಕ. ಸಿಟ್ಟಿಗೇಳುವ ಮನುಷ್ಯನಲ್ಲ ಅವನು. ಸಿಟ್ಟಿಗೆದ್ದರೆ ವ್ಯಾಪಾರ ಕೆಡುತ್ತದೆ ಅನ್ನುವವನು.

“ಕಾಕು, ನೀವು ಚೀನಾದ ಮಾಲು ಮುಟ್ಟಬಾರದು ಅಂತಿದ್ರಲ್ರೀ. ಈಗ ನೀವು ಉಟ್ಟ ಸೀರಿ ನೂಲು ಎಲ್ಲಿದು ಗೊತ್ತೇನು? ನಿಮ್ಮ ಮಗ್ಗದ ಮ್ಯಾಲ ಎರಡು ವರ್ಷದಿಂದ ಅದನ್ನ ನೇಯಾಕತ್ತಾರ. ಮಲಕಾಜಪ್ಪ ಕಾಕಾನ್ನ ಕೇಳ್ರಿ.”

ಅನಸವ್ವ ಗಂಡನ ಕಡೆ ತಿರುಗಿದಳು. ಮಲಕಾಜಪ್ಪ ಈ ಸಲ ಹೂಂ ಅನ್ನಲಿಲ್ಲ, ತಲೆ ತಗ್ಗಿಸಿ ಕೂತ. ಹೆಂಡತಿ ಏಳುವ ಮೊದಲೇ ನೂಲಿನ ಡಬ್ಬಿಗಳ ಮೇಲಿನ ಚೀನಾದ ಚೀಟಿ ಕಿತ್ತು ಒಲೆಗೆ ಹಾಕುತ್ತಿದ್ದ ಪುಣ್ಯಾತ್ಮ ಅವನು. ಗಂಡಸರು ನಗತೊಡಗಿದರು. ಜನರ ಮುಂದೆ ಇಷ್ಟು ಅವಮಾನ ಅನಸವ್ವನಿಗೆ ಎಂದೂ ಆಗಿರಲಿಲ್ಲ. ಆದರೂ ಅವಳು ಕೂಡಲಿಲ್ಲ.

“ನಿನ್ನೆತನಕ ಗೊತ್ತಿರಲಿಲ್ಲ, ಉಟ್ಟೆ. ಇವತ್ತ ಗೊತ್ತಾತು. ಇನ್ನ ನನ್ನ ಮಗ್ಗಕ್ಕ ಅದು ಏರಂಗಿಲ್ಲ. ನಿನ್ನ ಹೆಂಡತಿ ವೀಳ್ಯ ಎತ್ತಾಂಗಿಲ್ಲ. ನಗಾವ್ರೆಲ್ಲ ನಕ್ಕು ಮುಗಸ್ರಿ.”

ಮರುದಿನ ಅವರ ಮನೆಗೆ ನೂಲು ಬರಲಿಲ್ಲ. ಅದರ ಮರುದಿನವೂ ಇಲ್ಲ. ಮಗ್ಗದ ಮೇಲಿದ್ದ ಹಾಸಿನ ನೂಲು ಮುಗಿದು ನಾಕೂ ಮಗ್ಗ ನಿಂತವು. ಓಣಿಯೆಲ್ಲ ಖಟಖಟ ಅನ್ನುವಾಗ ತಮ್ಮ ಶೆಡ್ಡೊಂದೇ ಸುಮ್ಮನಿದ್ದದ್ದು ಅನಸವ್ವನ ಎದೆಯನ್ನು ಹಿಂಡುತ್ತಿತ್ತು. ಮಲಕಾಜಪ್ಪ ಪಕ್ಕದ ರಬಕವಿಯಲ್ಲಿ ಬೇರೆಯವರ ಮಗ್ಗ ನೇಯಲು ಹೊರಟ. ಈ ವಯಸ್ಸಿನಲ್ಲಿ ಬುತ್ತಿ ಕಟ್ಟಿಕೊಂಡು ಸೈಕಲ್ ಏರುವ ಗಂಡನನ್ನು ನೋಡಿ ಅವಳಿಗೆ ಅಳು ಬಂತು. ಬಾಗಿಲ ಹಿಂದೆ ನಿಂತು ಅತ್ತಳು. ಚೀಟಿ ಕಿತ್ತ ತಪ್ಪಿಗೆ ಮಾತ್ರ ಅವನ ಜೋಡಿ ಮಾತು ಬಿಟ್ಟಿದ್ದಳು.

ಇತ್ತ ಬಸಗೊಂಡಪ್ಪ ಲೆಕ್ಕ ಹಾಕಿದ. ಒಂದು ಮನೆ ಒಲ್ಲೆ ಅಂದಮೇಲೆ ಓಟು ಆಗುತ್ತದೆ. ಓಟು ಆದರೆ ಅನಸವ್ವ ಮನೆ ಮನೆಗೆ ಹೋಗುತ್ತಾಳೆ, ಗೋದಾಮಿನ ಮಾತು ತೆಗೆಯುತ್ತಾಳೆ, ಆ ದನಿ ಮಗ್ಗ ಓಡುತ್ತಿದ್ದರೂ ಎಲ್ಲರಿಗೂ ಕೇಳುತ್ತದೆ. ಅರ್ಜಿ ಹಾಕುವ ಕಡೆಯ ದಿನ ನಾಳೆ ಅನ್ನುವಾಗ ಗಿರಮಲ್ಲಪ್ಪನನ್ನು ಮುಂದೆ ಮಾಡಿಕೊಂಡು, ವೀಳ್ಯದ ತಾಟು ಹಿಡಿದು, ಅವಳ ಮನೆಗೇ ಬಂದ.

“ಕಾಕು, ನನ್ನ ಹೆಂಡತಿ ನಿಂದರಂಗಿಲ್ಲ. ಹಿರ್ಯಾರು ನೀವೇ ಮೆಂಬರ ಆಗ್ರಿ ಅಂತಾರ. ಅವಿರೋಧ. ನಿಮಗ ಬೇಕಾದ ಹತ್ತಿ ನೂಲು ನಾಳೆ ಮುಂಜಾನೆ ಬರ್ತದ, ನಮ್ಮ ದೇಶದ್ದು.” ಆಮೇಲೆ, ಕುಡಿದ ಚಾದ ಕಪ್ಪು ಕೆಳಗಿಡುತ್ತ, “ಗೋದಾಮಿಂದೊಂದು ನೆನಪಿರಲಿ. ಆ ಮಾತು ಬಂದಾಗ ನೀವು ಸುಮ್ಮನಿದ್ರಾತು” ಅಂದ.

ಮಲಕಾಜಪ್ಪನ ಮುಖ ಅರಳಿತು. ನೂಲು ಬರುತ್ತದೆ, ಸೈಕಲ್ ತಪ್ಪುತ್ತದೆ, ಹೆಂಡತಿ ಮೆಂಬರ, ಅಪ್ಪನ ಕಾಲದ ಪದ್ಧತಿಯೂ ಉಳಿಯಿತು. ಇನ್ನೇನು ಬೇಕು?

“ನಾಳೆ ಹೇಳ್ತೇನಿ” ಅಂದಳು ಅನಸವ್ವ. ತಾಟು ಮುಟ್ಟಲಿಲ್ಲ.

ಅವರು ಹೋದಮೇಲೆ ಮಲಕಾಜಪ್ಪ ಎಷ್ಟೋ ದಿನದಿಂದ ಕಟ್ಟಿಕೊಂಡಿದ್ದ ಮಾತು ಬಿಟ್ಟ. “ಅವಿರೋಧ ಅವಿರೋಧ ಅಂತ ಜೀವಮಾನ ಬಡಕೊಂಡಿ. ಈಗ ಬಾಗಲಿಗೆ ಬಂದದ. ಇನ್ನೇನು ನಿನ್ನ ರೋಗ?”

“ಎಲ್ಲಾರೂ ಮನಸಾರೆ ಒಪ್ಪಿದ್ರ ಅವಿರೋಧ. ವಿರೋಧ ಮಾಡಿದಾಕಿಗೆ ನೂಲು ಕೊಟ್ಟು ಬಾಯಿ ಮುಚ್ಚಸೂದಕ್ಕ ಏನಂತಾರ ನನಗ ಗೊತ್ತಿಲ್ಲ” ಅಂತ ಅವಳು ಗಂಡನ ಕಡೆ ನೋಡದೆ ಗೋಡೆಗೆ ಹೇಳಿದಳು. ಸಿಕ್ಕು ಬಿಡಿಸಲಾಗದ್ದಾಗಿತ್ತು. ತಾನು ಅರ್ಜಿ ಹಾಕದಿದ್ದರೆ ಅವನ ಹೆಂಡತಿ ಹಾಕುತ್ತಾಳೆ. ಹಾಕಿದರೆ ಎದುರು ಯಾರೂ ಇಲ್ಲ. ತಾನು ಬಸಗೊಂಡಪ್ಪ ಕೊಟ್ಟ ಮೆಂಬರ. ಎದುರಿಗೆ ನಿಲ್ಲಲು ಓಣಿಯಲ್ಲಿ ಯಾರಿಗೆ ಧೈರ್ಯ? ಎಲ್ಲರ ಮಗ್ಗದ ಮೇಲೂ ಅವನದೇ ನೂಲು. ಅವನ ನೂಲಿಲ್ಲದ ಮನೆ ಒಂದೇ, ತನ್ನದು.

ಅನಸವ್ವ ಮುಂದಿನ ಕೋಣೆಗೆ ಹೋದಳು. ದಾನಮ್ಮ ಜಂಪರಿನ ತೋಳಿಗೆ ಹೊಲಿಗೆ ಹಾಕುತ್ತಿದ್ದಳು.

“ದಾನಮ್ಮ, ನಾಳೆ ನನ್ನ ಎದುರಿಗೆ ಅರ್ಜಿ ಹಾಕು.”

ಮಷೀನು ನಿಂತಿತು. “ಅತ್ತಿ, ಹುಷಾರದೀರಿಲ್ಲೋ?”

“ಅದೇನಿ. ಓಟು ಆಗಬೇಕು. ಓಣಿ ಮಂದಿಗೆ ಅವನ ಕೈಯಿಂದ ಇಸಗೊಂಡ ಮೆಂಬರ ಬ್ಯಾಡ, ತಾವು ಆರಿಸಿದ ಮೆಂಬರ ಬೇಕು. ಅದು ನಾ ಆಗಲಿ, ನೀ ಆಗಲಿ.”

“ಓಟು ಅಂದ್ರ ಮನಿ ಒಡೀತದ ಅಂತಿದ್ರಿ.”

“ಅಂತಿದ್ದೆ. ಈಗೂ ಅಂತೇನಿ. ಒಡದ್ರ ನಮ್ಮದ ಒಡೀಲಿ.”

ದಾನಮ್ಮ ಜಂಪರನ್ನು ಪಕ್ಕಕ್ಕಿಟ್ಟಳು. “ಸುಳ್ಳಸುಳ್ಳ ನಿಂದರಂಗಿಲ್ಲ ನಾನು. ಪಟ್ಟಿ ಮನ್ನಾ ಆಗಬೇಕು ಅಂತನ ಹೇಳಾಕಿ. ನೀವು ಹೇಳೂದು ತಪ್ಪು ಅಂತನ ಹೇಳಾಕಿ. ಆಮ್ಯಾಲ ಸಿಟ್ಟಾಗಬಾರದು.”

“ಸಿಟ್ಟ ಆಗ್ತೇನಿ” ಅಂದಳು ಅನಸವ್ವ. “ಆದ್ರೂ ಹೇಳು.”

ಮರುದಿನ ಇಬ್ಬರೂ ಒಂದೇ ಆಟೋದಲ್ಲಿ ಹೋಗಿ, ಒಬ್ಬರ ಹಿಂದೊಬ್ಬರು ಅರ್ಜಿ ಕೊಟ್ಟು ಬಂದರು. ಅತ್ತೆ ವೀಳ್ಯಕ್ಕೆ ಒಪ್ಪಿದಳು, ಸೊಸೆ ಜೊತೆಯಾಗಿ ಹೋಗಿದ್ದಾಳೆ ಅಂತಲೇ ಎಲ್ಲರೂ ತಿಳಿದಿದ್ದರು. ಅರ್ಜಿಯ ವೇಳೆ ಮುಗಿದಮೇಲೆ ಸುದ್ದಿ ಹೊರಬಿದ್ದಾಗ ಗಿರಮಲ್ಲಪ್ಪ ಓಡಿಬಂದು, ಹಿರಿಯರ ಮುಖಕ್ಕೆ ಮಸಿ ಬಳಿದಿರಿ ಅಂದ. ಬಸಗೊಂಡಪ್ಪ ಬರಲಿಲ್ಲ, ರಬಕವಿಯಲ್ಲಿ ಯಾರ ಬಳಿ ಏನು ಹೇಳಿದನೋ, ಮಲಕಾಜಪ್ಪನ ಕೂಲಿ ಕೆಲಸವೂ ಹೋಯಿತು. ಎರಡು ಮಗ್ಗ ಮಾರಿದರು, ಅದೂ ಗುಜರಿಯವನಿಗೆ. ಕಬ್ಬಿಣವನ್ನು ಟೆಂಪೋಕ್ಕೆ ಎಳೆಯುವಾಗ ಮಲಕಾಜಪ್ಪ ಒಳಗೆ ಹೋಗಿ ಕೂತ. ಅನಸವ್ವ ಅವನ ಪಕ್ಕ ಹೋಗಿ ಕೂತಳು, ಬಿಟ್ಟಿದ್ದ ಮಾತನ್ನು ಅವತ್ತು ಹಿಡಿದಳು. “ನನ್ನ ಸಲುವಾಗಿ ಆತಲ್ಲ ಇದು” ಅಂದಳು. ಅವನು, “ನೂಲಿನ ಸುಳ್ಳು ಹೇಳಿದಾವ ನಾನು. ಇರಲಿ ಬಿಡು. ಸೋಲಬ್ಯಾಡ ಅಷ್ಟ” ಅಂದ. ಆಮೇಲೆ ನೆನಪಾಗಿ, “ದಾನಮ್ಮನೂ ಸೋಲಬಾರದು” ಅಂತ ಸೇರಿಸಿದ.

ಮುಂದಿನ ದಿನಗಳಲ್ಲಿ ಓಣಿ ಕಂಡ ತಮಾಷೆ ಹಿಂದೆ ಕಂಡಿರಲಿಲ್ಲ. ಅತ್ತೆ ಸೊಸೆ ಒಟ್ಟಿಗೇ ಮನೆ ಬಿಡುತ್ತಿದ್ದರು, ಓಣಿಯ ತುದಿಯಲ್ಲಿ ಒಬ್ಬಳು ಎಡಕ್ಕೆ, ಒಬ್ಬಳು ಬಲಕ್ಕೆ. ಅನಸವ್ವ ಹೇಳಿದ್ದು ಯಾರೂ ಕೇಳಬಯಸದ ಮಾತು: “ಪಟ್ಟಿ ಕಟ್ರಿ, ಕಟ್ಟಿ ಕೇಳ್ರಿ. ಮನ್ನಾ ಮಾಡಿಸ್ಕೊಂಡಾವ ಕೈ ಕಟ್ಟಿ ನಿಂದರಬೇಕಾಕ್ಕೇತಿ.” ದಾನಮ್ಮ ಅದೇ ಬಾಗಿಲಿಗೆ ಬಂದು, “ನಮ್ಮತ್ತಿ ಹೇಳೂದು ಹೊಟ್ಟಿ ತುಂಬಿದಾವ್ರಿಗೆ. ಮಗ್ಗಕ್ಕ ಮನ್ನಾ, ಗೋದಾಮಿಗೆ ಪೂರಾ ಪಟ್ಟಿ” ಅನ್ನುತ್ತಿದ್ದಳು. ಗೋದಾಮಿನ ಮಾತು ಇಬ್ಬರ ಬಾಯಲ್ಲೂ ಇತ್ತು. ನೂಲು ನಿಲ್ಲಿಸುತ್ತೇನೆ ಅಂತ ಬಸಗೊಂಡಪ್ಪ ಯಾರನ್ನು ಹೆದರಿಸಬೇಕು? ಇತ್ತ ಓಟು ಹಾಕಬೇಡಿ ಅಂದರೆ ಅತ್ತ ಬೀಳುತ್ತದೆ, ಅತ್ತ ಬೇಡ ಅಂದರೆ ಇತ್ತ.

ರವಿವಾರ ಬಂದ ಅಮಿತ ಅವ್ವನನ್ನೂ ಹೆಂಡತಿಯನ್ನೂ ನೋಡಿ, ಓಟಿನ ದಿನ ತನಗೆ ಡ್ಯೂಟಿ ಇದೆ ಅಂತ ಮುಧೋಳಕ್ಕೆ ಓಡಿದ. ಜಾಣ!

ದಾನಮ್ಮ ಗೆದ್ದಳು. ಬಹಳ ಅಂತರದಿಂದಲೇ ಗೆದ್ದಳು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತ ಓಣಿ ನಕ್ಕಿತು. ಅನಸವ್ವ ಗುಲಾಲು ಹಚ್ಚಿಸಿಕೊಂಡಳು, ಬಂದವರಿಗೆಲ್ಲ ಸಕ್ಕರೆ ಕೊಟ್ಟಳು. ಆದರೆ ಸೋಲು ಅವಳನ್ನು ಸುಡುತ್ತಿತ್ತು. ತನ್ನ ಮಾತು ಖರೆ ಅಂತ ಗೊತ್ತಿದ್ದೂ ಓಣಿ ಅದನ್ನು ಒಲ್ಲೆ ಅಂದಿತ್ತು. ಒಂದೇ ಸಮಾಧಾನವೆಂದರೆ, ಒಲ್ಲೆ ಅಂದದ್ದು ಓಣಿ, ಬಸಗೊಂಡಪ್ಪನಲ್ಲ.

ಮೊದಲ ಮೀಟಿಂಗಿನ ದಿನ ಬಸಗೊಂಡಪ್ಪನ ಕಾರು ಓಣಿಯೊಳಗೆ ಅವರ ಮನೆ ಮುಂದೆ ಬಂದು ನಿಂತಿತು. ಕಿಟಕಿ ಇಳಿಸಿ, “ಮೆಂಬರ ಸಾಹೇಬ್ರು ಬಿಸಲಾಗ ನಡೀಬಾರದು. ಹತ್ರಿ ತಂಗಿ, ಬಿಟ್ಟು ಬರ್ತೇನಿ” ಅಂದ. ದಾನಮ್ಮ ಅತ್ತೆಯ ಕಡೆ ನೋಡಿದಳು. ಅನಸವ್ವ ಬೇಕಂತಲೇ ಬೇರೆ ಕಡೆ ನೋಡುತ್ತ ಹೊಸಲಿನ ಮೇಲೆ ಚಪ್ಪಲಿ ಮೆಟ್ಟುತ್ತಿದ್ದಳು. ಹೇಳಿಕೊಡಬಾರದು ಅಂತ ಅವಳು ಬೆಳಗಿನಿಂದ ನಾಲಗೆ ಕಚ್ಚಿಕೊಂಡಿದ್ದಳು.

“ನಡಕೊಂತ ಹೋಗ್ತೇನ್ರಿ” ಅಂದಳು ದಾನಮ್ಮ.

“ನಾನೂ ಬರ್ತೇನಿ” ಅಂದಳು ಅನಸವ್ವ. “ಮನ್ನಾಕ್ಕ ಕೈ ಎತ್ತಿದಿ ಅಂದ್ರ ಬಾಗಲದಾಗ ಕುಂತು ಒದರಾಕಿ ನಾನು.”

“ಒದರ್ರಿ. ನಿಮ್ಮ ದನಿ ಕೇಳಿದ್ರ ನನಗೂ ಒಳಗ ಧೈರ್ಯ ಬರ್ತದ. ಕೈ ಮಾತ್ರ ಎತ್ತಾಕಿ.”

“ಬುದ್ಧಿ ಇಲ್ಲದಾಕಿ.”

“ಮೊದಲ ಗೋದಾಮಿನ ಮಾತು ತಗೀತೇನ್ರಿ ಅತ್ತಿ, ಮನ್ನಾ ಆಮ್ಯಾಲ.”

“ಅದನ್ನ ತಗಿ. ಅದಕ್ಕ ಎರಡೂ ಕೈ ಎತ್ತು.”

ಇಬ್ಬರೂ ಕೈ ಬೀಸಿ ಜಗಳಾಡುತ್ತ ಆ ಇಕ್ಕಟ್ಟಿನ ಓಣಿಯ ನಡುವೆಯೇ ನಡೆದರು. ಮಗ್ಗ ಬಿಟ್ಟು ಹೆಂಗಸರು ಬಾಗಿಲಿಗೆ ಬಂದರು. ಹಿಂದಿನಿಂದ ಬಸಗೊಂಡಪ್ಪನ ಕಾರು ಹಾರ್ನು ಹೊಡೆಯಿತು. ಮತ್ತೆ ಹೊಡೆಯಿತು. ಅತ್ತೆಯೂ ಸರಿಯಲಿಲ್ಲ, ಸೊಸೆಯೂ ಸರಿಯಲಿಲ್ಲ.