ಎರಡು ನೆರಳು ಕೊಡಿ

ಮತ್ತೆ ಆ ಕೈ, ಸೇತುವೆಯ ಮೆಟ್ಟಿಲು ಬಂತೆಂದರೆ ಸಾಕು, ದೊನಾತೊನ ಎಡಗೈ ತಾನಾಗಿ ಹಿಂದಕ್ಕೆ ಚಾಚುತ್ತದೆ, ಅಂಗೈ ತೆರೆದು, ತೊಡೆಯ ಮಟ್ಟಕ್ಕೆ, ಬೆಳಗ್ಗೆ ಮೊದಲ ಸೇತುವೆಯಲ್ಲಿ ಅಸ್ಸುಂತಾ ಹಿಗ್ಗಿಹೋಗಿದ್ದಳು, ಇಷ್ಟು ವರ್ಷಕ್ಕಾದರೂ ಗಂಡನಿಗೆ ಹೆಂಡತಿಯ ಕೈ ಹಿಡಿಯುವ ಬುದ್ಧಿ ಬಂತಲ್ಲ, ವೆನಿಸ್ಸಿನ ಗಾಳಿಯೇ ಹಾಗಿರಬೇಕು, ಹಿಡಿಯಲು ಹೋದರೆ ಸೊಂಟ ಬಗ್ಗಿಸಬೇಕಾಯಿತು, ಅವನಿಗಿಂತ ಒಂದು ಬೆರಳು ಎತ್ತರವೇ ಅವಳು, ದಕ್ಷಿಣದ ತಮ್ಮೂರು ಲೆಚ್ಚೆಯ ಚರ್ಚಿನಲ್ಲಿ ಮದುವೆಯ ದಿನ ಅತ್ತೆ ಆಡಿಕೊಂಡಿದ್ದೂ ಅದನ್ನೇ, ಹುಡುಗಿಗೆ ಎತ್ತರದ ಚಪ್ಪಲಿ ಹಾಕಬೇಡ್ರೇ, ನನ್ನ ಮಗ ಕಾಣಿಸೋದೇ ಇಲ್ಲ — ಬೆರಳು ತಗುಲಿದ್ದೇ ತಡ ಅವನು ಬೆಚ್ಚಿ ಕೈಯನ್ನು ಜೇಬಿಗಿಳಿಸಿದ, ಏನಾಯ್ತು, ಏನಿಲ್ಲ ಕಣೇ, ಮೆಟ್ಟಿಲು ಜಾರುತ್ತೆ.

ಈ ಊರನ್ನು ಅವನು ನೋಡಿಯೇ ಇಲ್ಲವಂತೆ, ಅರ್ಧ ವರ್ಷ ಉತ್ತರದಲ್ಲೇ ಇರುತ್ತಾನೆ, ತೊರೀನೊದಲ್ಲಿ ಲಿಫ್ಟು ಕೂರಿಸುವ ಕೆಲಸ, ಒಂದು ಸಲ ವೆನಿಸ್ ನೋಡಿಕೊಂಡು ಬರಬಾರದಿತ್ತಾ ಎಂದರೆ ಕೊಳೆತ ನೀರಲ್ಲಿ ನೋಡೋದೇನಿದೆ ಎನ್ನುತ್ತಿದ್ದ, ಹಟ ಹಿಡಿದು ಎಳೆದುಕೊಂಡು ಬಂದವಳು ಅವಳೇ, ಈಗ ನೋಡಿದರೆ ನಕ್ಷೆ ಅವಳ ಚೀಲದಲ್ಲಿ ಮಡಿಸಿದ್ದು ಮಡಿಸಿದಂತೆಯೇ ಇದೆ, ಮೀನುಮಾರುಕಟ್ಟೆಯ ಹತ್ತಿರ ಜನವೆಲ್ಲ ಹಳದಿ ಬಾಣದ ಗುರುತು ಹಿಡಿದು ಬಲಕ್ಕೆ ಹೋದರೆ ಇವನು ಎಡಕ್ಕೆ, ಮನೆಗಳ ಅಡಿಯ ಕತ್ತಲ ಓಣಿಗೆ, ಅಲ್ಲೊಂದು ತಗ್ಗು ತೊಲೆ, ಅದು ಅವಳ ಕಣ್ಣಿಗೆ ಬೀಳುವ ಮೊದಲೇ ಅವನ ತಲೆ ಬಾಗಿತ್ತು, ಅವಳ ಹಣೆಗೆ ಬಡಿಯಿತು, ಇನ್ನೂ ಉರಿಯುತ್ತಿದೆ, ಆಮೇಲೆ ಆ ಪುಟ್ಟ ಹೆಂಡದಂಗಡಿ, ಕಟ್ಟೆಗೆ ಮೊಣಕೈ ಊರಿ ಅವನು ಅಂದದ್ದು, ಎರಡು ನೆರಳು ಕೊಡಿ. ಅಂಗಡಿಯವನು ಸಲೀಸಾಗಿ ಎರಡು ಚಿಕ್ಕ ಲೋಟಕ್ಕೆ ಬಿಳಿ ವೈನು ಸುರಿದ, ಅವಳ ಊರಲ್ಲಿ ವೈನು ಅಂದರೆ ವೈನು, ನೆರಳು ಅಂದರೆ ಅಂಜೂರದ ಮರದ ಕೆಳಗೆ ಬೀಳುವುದು, ನೆರಳನ್ನೂ ಕುಡೀತಾರಾ ದೊನಾತೊ ಎಂದು ನಕ್ಕಳು, ಅವನು ನಗಲಿಲ್ಲ, ಇಲ್ಲಿಯವರು ಹಾಗೇ ಅಂತಾರೆ, ರೈಲಲ್ಲಿ ಯಾರೋ ಹೇಳಿದ್ರು. ರೈಲಲ್ಲಿ ಅವನು ದಾರಿಯುದ್ದಕ್ಕೂ ಬಾಯಿ ತೆರೆದುಕೊಂಡು ಮಲಗಿದ್ದು ಅವಳ ಹೆಗಲ ಮೇಲೆ. ಇವನಿಗೆ ಈ ಊರಲ್ಲಿ ಒಬ್ಬ ಹೆಂಗಸಿದ್ದಾಳೆ, ಅಷ್ಟೇ, ಇರಲಿ, ಹೆಂಗಸಾದರೆ ಜುಟ್ಟು ಹಿಡಿದು ಜಗಳವಾಡಬಹುದು, ಅತ್ತು ರಂಪ ಮಾಡಿ ಗಂಡನನ್ನು ಎಳೆದುಕೊಂಡು ಹೋಗಬಹುದು, ಕೇಳಬೇಕು, ಇವತ್ತೇ ಕೇಳಬೇಕು, ಕೇಳದೆ ಲೆಚ್ಚೆಗೆ ಹೋದರೆ ಮಗುವಿಗೆಂದು ಹಸಿರು ಬಣ್ಣ ಬಳಿದ ಆ ಕೋಣೆಯ ಬಾಗಿಲು ತೆರೆಯುವುದು ಹೇಗೆ, ಯಾರೂ ಹುಟ್ಟದೆ ಟೊಮೆಟೊ ಬಾಟಲಿ ಇಡುವ ಕೋಣೆಯಾಗಿದೆ ಅದು, ಇಬ್ಬರಲ್ಲೂ ದೋಷವಿಲ್ಲಮ್ಮ ಎಂದಿದ್ದ ಡಾಕ್ಟರು, ಅವಳು ನಂಬಿದ್ದಳು.

ಹುಟ್ಟು ಹಾಕಿ ದೊಡ್ಡ ಕಾಲುವೆ ದಾಟಿಸುವ ದೋಣಿ, ಹೊರಗಿನವರೆಲ್ಲ ಹಲಗೆ ಗಟ್ಟಿ ಹಿಡಿದು ಕೂರುತ್ತಾರೆ, ಊರಿನವರು ಮಾತ್ರ ನಿಂತೇ ದಾಟುತ್ತಾರೆ, ದೊನಾತೊ ನಿಂತಿದ್ದಾನೆ, ಕೂತ್ಕೋ ಅಂದರೂ ಕೇಳಿಸಲಿಲ್ಲ, ಅವಳು ಅವನ ಬೆನ್ನು ನೋಡುತ್ತಾ ಕೂತಳು, ನಡುನೀರಲ್ಲಿ ಕೇಳುತ್ತೇನೆ, ಅಲ್ಲಿಂದ ಎಲ್ಲಿಗೆ ಓಡುತ್ತಾನೆ, ಯಾರವಳು ಅಂತ ಎರಡೇ ಮಾತು, ನಾಲಿಗೆಯ ತುದಿಯಲ್ಲಿದೆ, ಅಷ್ಟರಲ್ಲಿ ಮೋಟಾರು ದೋಣಿಯೊಂದು ಹಾದು ಅಲೆ ಬಂತು, ದೋಣಿ ವಾಲಿತು, ಅವನ ಕಾಲು ಅಲುಗಲಿಲ್ಲ, ಆದರೆ ಕೈ ಜೇಬಿನಿಂದ ಥಟ್ಟನೆ ಹೊರಬಂತು, ಹಿಂದಕ್ಕೆ, ಕೆಳಕ್ಕೆ, ಅವಳ ಕಡೆಗಲ್ಲ, ಅವನ ಪಕ್ಕದಲ್ಲಿ ಯಾರೂ ನಿಂತಿರದ ಜಾಗಕ್ಕೆ, ಅಷ್ಟು ತಗ್ಗಿನಲ್ಲಿ ಯಾವ ಹೆಂಗಸೂ ಇರುವುದಿಲ್ಲ, ನಾಲಿಗೆಯ ಮೇಲಿದ್ದ ಮಾತು ತಾನಾಗಿ ಬದಲಾಯಿತು, ಎಷ್ಟು ವಯಸ್ಸು ದೊನಾತೊ, ಅಂದಳು, ಅವನು ತಿರುಗಲಿಲ್ಲ, ಯಾರಿಗೆ ಅಂತ ಕೇಳಲೂ ಇಲ್ಲ, ಕೈ ಜೇಬಿಗೆ ಮರಳಲಿಲ್ಲ, ಅಲ್ಲೇ ಇದೆ, ಬೆರಳು ಅರ್ಧ ಮಡಿಸಿ, ಒಳಗೆ ಇನ್ನೊಂದು ಪುಟ್ಟ ಕೈ ಹಿಡಿಸುವಷ್ಟೇ ಜಾಗ ಬಿಟ್ಟು, ತೊಡೆಯ ಮಟ್ಟದಲ್ಲಿ, ಆ ಕೈ —