ಬ್ರೇಕ್ ಪೆಡಲಿನ ರಬ್ಬರು

"ಹದಿನೆಂಟು ಸಾವಿರ ಕಿಲೋಮೀಟರಿಗೆ ಬ್ರೇಕ್ ಪೆಡಲ್ ರಬ್ಬರ್ ಇಷ್ಟು ಸವೆಯುತ್ತಾ?"

ಯಾರನ್ನೂ ಕೇಳಿದ್ದಲ್ಲ. ಕಾರಿನ ತೆರೆದ ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತಿದ್ದ ಸಾರಿಗೆ ಇಲಾಖೆಯ ತನಿಖಾಧಿಕಾರಿ ಆ ಮಾತನ್ನು ಪೆಡಲಿಗೇ ಹೇಳಿದಂತಿತ್ತು. ಎದೆ ಧಸಕ್ಕೆಂದದ್ದು ಮಾತ್ರ ಹಳೆಯ ಕಾರುಗಳ ಅಂಗಡಿಯ ಯಜಮಾನನಿಗೆ. ಈ ದಂಧೆಯವರೆಲ್ಲ ಈ ಅಧಿಕಾರಿಗೆ ಎಕ್ಸ್‌ರೇ ಅಮ್ಮ ಎಂದು ಹೆಸರಿಟ್ಟಿದ್ದರು. ಬೆನ್ನ ಹಿಂದೆ, ಅದೂ ದನಿ ತಗ್ಗಿಸಿ.

ಓಡಿದ ದೂರ ತೋರಿಸುವ ಮೀಟರನ್ನು ಹಿಂದಕ್ಕೆ ತಿರುಗಿಸಿದ್ದು ಅವನೇ. ಸೀಟಿಗೆ ಹೊಸ ಹೊದಿಕೆ, ಸ್ಟೀರಿಂಗಿಗೆ ಹೊಸ ಚರ್ಮ ಎಲ್ಲ ಹಾಕಿಸಿದ್ದ. ಪೆಡಲಿನ ರಬ್ಬರನ್ನೂ ಬದಲಿಸೋಣವೆಂದು ಅಂಗಡಿಯ ರಿಪೇರಿ ಮೇಸ್ತ್ರಿ ಅಂದಾಗ, ಅಲ್ಲಿ ಹೊಸದು ಕಂಡರೆ ಗಿರಾಕಿಗೆ ಅನುಮಾನ ಬರುತ್ತದೆ ಎಂದು ತಡೆದವನೂ ಅವನೇ. ಆಗ ತನ್ನ ಬುದ್ಧಿಗೆ ತಾನೇ ಬೆನ್ನು ತಟ್ಟಿಕೊಂಡಿದ್ದ. ಹೋದ ವಾರ ಆ ಕಾರನ್ನು ಒಬ್ಬ ನರ್ಸಮ್ಮ ಕೊಂಡಿದ್ದಳು, ಮನೆಮನೆಗೆ ಹೋಗಿ ಹೆರಿಗೆ ಮಾಡಿಸುವವಳು. ಅವಳು ಕಾರನ್ನೂ ನೋಂದಣಿ ಪುಸ್ತಕವನ್ನೂ ಒಯ್ಯಲು ಬಂದ ಬೆಳಿಗ್ಗೆಯೇ ಇಲಾಖೆಯ ಜೀಪೂ ಬಂದು ನಿಂತಿತ್ತು.

ಅಧಿಕಾರಿ ಮೀಟರಿನ ಕಡೆ ಮತ್ತೆ ತಲೆ ಎತ್ತಲೇ ಇಲ್ಲ. ಚಾಲಕನ ಸೀಟಿನಲ್ಲಿ ಕೂತು ಬೆಲ್ಟನ್ನು ಕೊನೆಯವರೆಗೂ ಎಳೆದು, ಹೆಬ್ಬೆರಳನ್ನು ಅದರ ಅಂಚಿನ ಮೇಲೆ ನಿಧಾನವಾಗಿ ಓಡಿಸಿದಳು. ಸವೆದಿದ್ದ ಒಂದೇ ಒಂದು ಕಡೆ ಬೆರಳು ನಿಂತಿತು. ಓಡಿಸುತ್ತಿದ್ದವನು ದಪ್ಪ ಆಳು, ಒಬ್ಬನೇ, ಕೊನೆವರೆಗೂ ಅವನೇ ಎಂದಳು. ಹಿಂದಿನ ಸೀಟಿನ ಹೊಸ ಹೊದಿಕೆ ಸರಿಸಿ ಅಂಗೈ ಒತ್ತಿದಳು. ಸ್ಪಂಜು ಉದ್ದಕ್ಕೂ ತಗ್ಗಾಗಿತ್ತು. ಇಲ್ಲಿ ಕೂತವರಿಲ್ಲ, ಮಲಗಿದವರಿದ್ದಾರೆ ಎಂದಳು. ಆಮೇಲೆ ಕತ್ತೆತ್ತಿ, ಚಾವಣಿಯಲ್ಲಿ ಯಾರೋ ಕೈಯಾರೆ ಕೂರಿಸಿದ್ದ ಸಣ್ಣದೊಂದು ಕೊಕ್ಕೆಯನ್ನು ತೋರಿಸಿದಳು.

"ಡ್ರಿಪ್ ಬಾಟಲಿ ನೇತುಹಾಕೋಕೆ. ರೋಗಿಗಳನ್ನ ಸಾಗಿಸಿದ ಗಾಡಿ ಇದು," ಎಂದಳು ನರ್ಸಮ್ಮ.

ಯಜಮಾನ ಬೆರಗಾಗಿ ನಿಂತ. ನಾಲ್ಕು ದಿನ ಈ ಕಾರನ್ನು ಕನ್ನಡಿಯಂತೆ ತಿಕ್ಕಿಸಿದ್ದ, ಮುಖ ನೋಡಿಕೊಂಡು ಮೀಸೆಯನ್ನೂ ತಿದ್ದಿಕೊಂಡಿದ್ದ. ಆ ಕೊಕ್ಕೆ ಕಣ್ಣಿಗೇ ಬಿದ್ದಿರಲಿಲ್ಲ. ಸಿಕ್ಕಿಬಿದ್ದದ್ದು ಅವನಿಗೆ ಗೊತ್ತಾಗಿತ್ತು. ಆದರೂ ಅಧಿಕಾರಿಯ ಬೆರಳು ಮುಂದೆ ಎಲ್ಲಿಗೆ ಹೋಗುತ್ತದೋ ಎಂದು ಕಾಯುತ್ತಿದ್ದ.

ಅವಳು ಮೇಸ್ತ್ರಿಗೆ ಎಂಜಿನ್ ಚಾಲೂ ಮಾಡಲು ಹೇಳಿ, ಬಾನೆಟ್ಟಿನ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದಳು. ಅಂಗಳದಲ್ಲಿ ಬೇರೆ ಸದ್ದಿಲ್ಲ. ಲಯ ತಪ್ಪದೆ ಕಾವ್ಯ ಓದುವವರ ಎದುರು ಕೂತು ಕೇಳುವ ಹಾಗೆ ಅವಳ ತಲೆ ಸಣ್ಣಗೆ ತೂಗುತ್ತಿತ್ತು.

"ಎರಡು ಲಕ್ಷದ ಹತ್ತು ಸಾವಿರ ಕಿಲೋಮೀಟರ್. ಅದಕ್ಕಿಂತ ಸ್ವಲ್ಪ ಹೆಚ್ಚೇ."

ತಿರುಗಿಸುವ ಮುಂಚೆ ಮೀಟರಿನಲ್ಲಿ ಎಷ್ಟಿತ್ತು ಎಂದು ಕೇಳುವ ಮೊದಲೇ ಮೇಸ್ತ್ರಿ ತಲೆ ತಗ್ಗಿಸಿ ಹೇಳಿಬಿಟ್ಟ. ಎರಡು ಲಕ್ಷದ ಹನ್ನೆರಡು ಸಾವಿರ.

ಕಾಯ್ದೆ ಏನೆಂಬುದನ್ನು ಅಧಿಕಾರಿ ದನಿ ಏರಿಸದೆ ಬಿಡಿಸಿ ಹೇಳಿದಳು. ಅವನಿಗೆ ಹಿಂದೆಯೇ ಒಮ್ಮೆ ಎಚ್ಚರಿಕೆ ಕೊಟ್ಟಾಗಿದೆ. ಮೀಟರು ತಿರುಗಿಸಿದ್ದಕ್ಕೆ ಈ ಸಲ ಮಾರಾಟದ ಪರವಾನಗಿ ರದ್ದು, ಅಂಗಡಿಗೆ ಬೀಗಮುದ್ರೆ. ಉಳಿದಿರುವುದು ಒಂದೇ ದಾರಿ. ಕೊಂಡವರು ಇವತ್ತೇ, ತನ್ನ ಕಣ್ಣೆದುರಿಗೇ, ಕಾರು ಹಿಂದಿರುಗಿಸಿ ಪೂರ್ತಿ ಹಣ ಪಡೆದರೆ ದಂಡಕ್ಕೇ ಮುಗಿಯುತ್ತದೆ. ಅದು ಕೊಂಡವರ ಇಷ್ಟ, ಬಲವಂತ ಸಲ್ಲದು. ಇಷ್ಟು ಹೇಳಿ ಜೀಪಿನಿಂದ ಅರಗು, ದಾರ, ಮೊಹರು ತರಿಸಿ ಮೇಜಿನ ಮೇಲಿಟ್ಟಳು.

ಯಜಮಾನನಿಗೆ ಉಸಿರು ಬಂತು. ಇಪ್ಪತ್ತೆರಡು ವರ್ಷದ ಅಂಗಡಿ. ಮೋಸ ಹೋದವಳು ಹಣ ಬೇಡ ಅನ್ನುತ್ತಾಳೆಯೇ?

ನರ್ಸಮ್ಮ ಆ ಹೊತ್ತಿಗೆ ಹಿಂದಿನ ಸೀಟಿನಲ್ಲಿ ಕೂತಾಗಿತ್ತು. ಕೊಕ್ಕೆಗೆ ಬೆರಳು ಸಿಕ್ಕಿಸಿ ಜಗ್ಗಿ ನೋಡಿದಳು. ಅಲುಗಲಿಲ್ಲ.

"ಮೇಸ್ತ್ರಿಗಳೇ, ದಾರೀಲಿ ಕೈ ಕೊಡುತ್ತಾ ಇದು?"

"ಎಂಜಿನ್ ಯಾರನ್ನೂ ಯಾಮಾರಿಸಿಲ್ಲ ಕಣಮ್ಮಾ. ಯಾಮಾರಿಸಿದ್ದು ನಾವು."

ಯಜಮಾನ ಬಾಗಿಲ ಹತ್ತಿರ ಬಂದು ಬಗ್ಗಿದ. ಅಷ್ಟು ಬಗ್ಗಿ ಅವನಿಗೆ ಅಭ್ಯಾಸವಿರಲಿಲ್ಲ.

"ತಪ್ಪಾಯ್ತು ತಾಯಿ. ಪೂರ್ತಿ ದುಡ್ಡು ಈಗಲೇ ಕೊಡ್ತೀನಿ. ಗಾಡಿ ವಾಪಸ್ ಕೊಟ್ಬಿಡಿ. ನನ್ನ ಅಂಗಡಿ ಉಳೀಲಿ."

"ವಾಪಸ್ ತಗೊಂಡು ಇದನ್ನ ಏನು ಮಾಡ್ತೀರಾ?"

ಅವನ ಕಣ್ಣು ತಾನೇ ತಿರುಗಿಸಿದ್ದ ಮೀಟರಿನ ಕಡೆ ಹೋಯಿತು. ಎಂಜಿನ್ ಇನ್ನೂ ಓಡುತ್ತಲೇ ಇತ್ತು. ಅದರ ಮಿಡಿತ ಸೀಟಿನ ಮೂಲಕ ಅವಳ ಮೈಗೆ ಹತ್ತುತ್ತಿದ್ದುದು ಅವನಿಗೂ ಕಾಣುತ್ತಿತ್ತು. ಅವಳು ಅಂಗೈಯನ್ನು ಆ ಉದ್ದನೆಯ ತಗ್ಗಿನ ಮೇಲೆ, ಮಲಗಿದವರ ಬೆನ್ನ ಮೇಲಿಡುವ ಹಾಗೆ ಇಟ್ಟಳು.

"ಕೊಡಲ್ಲ. ನನ್ನ ಕೆಲಸಕ್ಕೆ ಬೇಕಾದ ಗಾಡಿ ಇದೇ," ಎಂದಳು.