ಹಳೇ ಬಂದೂಕಿಗೊಂದು ಅಗ್ಗದ ಕಣ್ಣು

ನಿಮಗೆ ಕಣ್ಣು ಸರಿಯಾಗಿ ಕಾಣಲ್ಲ ರೀ ಅಂತ ನಾನು ಹೇಳಿದ್ದಕ್ಕೆ ನಮ್ಮನೆಯವರು ಏನು ಮಾಡಿದರು ಗೊತ್ತಾ? ಡಾಕ್ಟರ ಹತ್ತಿರ ಹೋಗಲಿಲ್ಲ. ಬಂದೂಕು ತಂದರು.

ತಮಾಷೆಗೆ ಹೇಳ್ತಿಲ್ಲ. ಶೇಷಾದ್ರಿ ಅನ್ನೋ ಈ ಮಹಾನುಭಾವರು ಸ್ಟರ್ಲಿಂಗ್ ಹೈಟ್ಸಿನ ಕಾರ್ ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಇಂಜಿನಿಯರ್ ಆಗಿದ್ದು ರಿಟೈರ್ ಆದವರು. ಜೀವಮಾನವೆಲ್ಲಾ ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕಿದವರು ತಮ್ಮಲ್ಲೇ ತಪ್ಪಿದೆ ಅಂದರೆ ಒಪ್ತಾರಾ? ತಿಂಗಳಿಗೆರಡು ಸಲ ಬೋಲಿಂಗ್‌ಬ್ರೂಕಿನಲ್ಲಿರೋ ಮಗಳು ವಿನಿತಾ ಮನೆಗೆ ಹೋಗ್ತೀವಿ. ಸುಮಾರು ಮುನ್ನೂರು ಮೈಲಿ. ನಾನು ಊರೊಳಗೆ ತರಕಾರಿ ಅಂಗಡಿಗೆ ಓಡಿಸೋಳು, ಹೈವೇ ಏನಿದ್ದರೂ ಅವರದೇ. ಆಗಸ್ಟಲ್ಲಿ ಎಕ್ಸಿಟ್ ತಪ್ಪಿಸಿದರು, ಬೋರ್ಡಿನ ಅಕ್ಷರ ಸರಿಯಿಲ್ಲ ಅಂದರು. ಸೆಪ್ಟೆಂಬರಲ್ಲಿ ನಮ್ಮದೇ ಬೀದಿಯ ಮೇಲ್‌ಬಾಕ್ಸಿಗೆ ಗುದ್ದಿದರು, ಅದನ್ನ ಯಾರೋ ಮುಂದಕ್ಕೆ ಸರಿಸಿದ್ದಾರೆ ಅಂದರು.

"ಕಣ್ಣು ತೋರಿಸೋವರೆಗೂ ಕಾರಿನ ಕೀಲಿ ನನ್ನ ಹತ್ತಿರ ಇರಲಿ" ಅಂದೆ. ಅಷ್ಟೇ, ಶುರುವಾಯ್ತು ರಂಪ.

"ಐವತ್ತು ಗಜದ ದೂರದಲ್ಲಿ ಊಟದ ಪೇಪರ್ ಪ್ಲೇಟ್ ಇಡು, ಗುಂಡು ಹೊಡೆದು ತೋರಿಸ್ತೀನಿ" ಅಂದರು. "ಬಿತ್ತೋ, ಇನ್ನು ಜನ್ಮದಲ್ಲಿ ನನ್ನ ಕಣ್ಣಿನ ಸುದ್ದಿ ಎತ್ತಬಾರದು. ಬೀಳಲಿಲ್ಲವೋ, ಕೀಲಿ ನಿನ್ನದು."

"ಆಯ್ತು, ಹೊಡೀರಿ" ಅಂದೆ. ನನಗೂ ರೋಷ ಬಂದಿತ್ತು.

ಫ್ಯಾಕ್ಟರಿಯ ಹಳೇ ಸ್ನೇಹಿತನೊಬ್ಬ ಫ್ಲಾರಿಡಾಗೆ ಮನೆ ಬದಲಾಯಿಸ್ತಿದ್ದ. ಅವನ ಹತ್ತಿರವಿದ್ದ ರೈಫಲನ್ನ ಕಾಗದಪತ್ರವೆಲ್ಲಾ ಮಾಡಿಸಿ ಇವರು ತಗೊಂಡರು. ಎಸ್‌ಕೆಎಸ್ ಅಂತೆ. ಯಾವುದೋ ಕಾಲದಲ್ಲಿ ಸೈನಿಕರು ಹೆಗಲಿಗೆ ಹಾಕ್ಕೊಂಡು ತಿರುಗಿದ್ದು. ಮರದ ಹಿಡಿ, ಒನಕೆಯಷ್ಟು ಭಾರ. ಮೊದಲು ಅದರ ಮೇಲಿರೋ ಕಬ್ಬಿಣದ ಗುರಿಮೊಳೆಯಿಂದಲೇ ನೋಡಿದರು. ಒಂದು ಮೊಳೆ ಇವರಿಗೆ ಮೂರಾಗಿ ಕಂಡಿತು.

"ಸ್ಕೋಪ್ ಹಾಕಿಸಬೇಕು" ಅಂದರು.

"ಕಣ್ಣು ಚೆನ್ನಾಗಿರೋರಿಗೆ ದುರ್ಬೀನು ಯಾಕ್ರೀ?"

"ಸೈನಿಕರೂ ಹಾಕ್ಕೊಳ್ತಾರೆ ಕಣೇ. ಸುಮ್ನಿರು."

ಒಳ್ಳೇ ಸ್ಕೋಪ್ ಅಂದರೆ ಬಂದೂಕಿಗಿಂತ ದುಬಾರಿ. ನಮ್ಮವರು ಒಂದೇ ಟೀ ಬ್ಯಾಗಲ್ಲಿ ಎರಡು ಸಲ ಟೀ ಮಾಡೋ ಜನ. ಅಗ್ಗದ್ದು ತಂದರು. ಈ ಹಳೇ ಬಂದೂಕಿನಲ್ಲಿ ಸ್ಕೋಪ್ ಕೂರಿಸೋಕೆ ಜಾಗವೇ ಇಲ್ಲ. ಮೇಲಿನ ಮುಚ್ಚಳಕ್ಕೆ ಸಿಕ್ಕಿಸಬೇಕು, ಆ ಮುಚ್ಚಳವೋ ಲಟಪಟ ಅಲ್ಲಾಡುತ್ತೆ. ಒಂದೊಂದು ಗುಂಡಿಗೂ ಗುರಿ ಒಂದೊಂದು ಕಡೆ. ಗುಂಡು ಹೊಡೆದು ಅಭ್ಯಾಸ ಮಾಡೋ ರೇಂಜಿಗೆ ಒಬ್ಬರೇ ಹೋಗಿಬಂದು ಅಂಗಡಿಗೆ ವಾಪಸ್ ಕೊಟ್ಟರು. ಎರಡನೇದು ಮುಂದಕ್ಕೆ, ನಳಿಗೆಯ ಹತ್ತಿರ ಕೂರೋದು, ದೂರದಿಂದಲೇ ನೋಡೋ ಉದ್ದನೇ ಕೊಳವೆ. ಅದರ ಗಾಜು ಮಬ್ಬಂತೆ. ಅದೂ ವಾಪಸ್. ರಿಟರ್ನ್ ಕೌಂಟರಿನ ಹುಡುಗಿ ಇವರನ್ನ ಕಂಡರೆ ಸಾಕು, ರಸೀದಿ ಕೇಳೋಕೆ ಮುಂಚೆ ಕೈ ಚಾಚುತ್ತಿದ್ದಳು.

ಮೂರನೇದು ರೆಡ್ ಡಾಟ್. ಬೆಂಕಿಪೊಟ್ಟಣದಷ್ಟು ಗಾತ್ರ, ಒಂದು ಪುಟ್ಟ ಗಾಜಿನ ಕಿಟಕಿ, ಒಳಗೆ ಬ್ಯಾಟರಿ. ಗುಂಡಿ ಒತ್ತಿದರೆ ಗಾಜಿನ ನಡುವೆ ಕೆಂಪು ಚುಕ್ಕೆ ಹೊಳೆಯುತ್ತೆ, ಅದನ್ನ ಗುರಿಯ ಮೇಲಿಟ್ಟು ಹೊಡೆಯೋದು. ಮೂರರಲ್ಲಿ ಅತೀ ಅಗ್ಗದ್ದು ಇದೇ. "ಇದು ನೋಡು, ಎರಡೂ ಕಣ್ಣು ಬಿಟ್ಕೊಂಡೇ ಹೊಡೀಬಹುದು" ಅಂತ ಮೀಸೆ ತಿರುವಿದರು.

ಅಷ್ಟರಲ್ಲಿ ಆಯುಧಪೂಜೆ ಬಂತು. ಪ್ರತಿ ವರ್ಷ ನಮ್ಮ ಆಯುಧ ಅಂದರೆ ಕಾರು, ಮಿಕ್ಸಿ, ಹಿಮ ಬಾಚೋ ಮೆಷಿನ್. ಈ ಸಲ ನಿಜವಾದ ಆಯುಧವೇ ಮನೇಲಿದೆ, ಬಿಡೋಕಾಗುತ್ತಾ? ಬಂದೂಕಿಗೆ ಗುಂಡು ತುಂಬಿಲ್ಲ ಅಂತ ಅವರ ಕೈಲೇ ನೋಡಿಸಿ ಮಣೆ ಮೇಲೆ ಮಲಗಿಸಿದೆ. ಮರದ ಹಿಡಿಗೆ ಅರಿಶಿನ, ನಳಿಗೆಗೆ ಗಂಧ. ರೆಡ್ ಡಾಟಿಗೆ ಕುಂಕುಮ ಎಲ್ಲಿಡೋದು? ಅದಕ್ಕೆ ಮುಖ ಅಂತಿರೋದು ಗಾಜು ಒಂದೇ. ಒದ್ದೆ ಕುಂಕುಮದಲ್ಲಿ ಉಂಗುರದ ಬೆರಳು ಅದ್ದಿ ಗಾಜಿನ ನಟ್ಟನಡುವೆ ಇಟ್ಟೆ. ಭಕ್ತಿಯಿಂದಲೇ ಇಟ್ಟೆ, ದೇವರಾಣೆ.

ಆಮೇಲೆ ಮೈಸೂರುಪಾಕಿಗೆ ಕಡಲೆಹಿಟ್ಟು ತೂಗಲು ಹೋದರೆ ಅಡುಗೆಮನೆ ತಕ್ಕಡಿಯ ಬ್ಯಾಟರಿ ಸತ್ತಿದೆ. ರೆಡ್ ಡಾಟಿನಲ್ಲೂ ಅದೇ ಬಿಲ್ಲೆ ಬ್ಯಾಟರಿ. ತೆಗೆದು ತಕ್ಕಡಿಗೆ ಹಾಕಿದೆ. ತೂಗಿದ ಮೇಲೆ ವಾಪಸ್ ಇಡೋಣ ಅಂದುಕೊಂಡೆ. ಪಾಕ ಹದಕ್ಕೆ ಬಂತು, ನಾನು ಮರೆತೆ. ಅವರು ಬಂದೂಕನ್ನ ಹಾಗೇ ಚೀಲಕ್ಕೆ ಸೇರಿಸಿದರು.

ಮರುದಿನ ಶೂಟಿಂಗ್ ರೇಂಜ್. ಬೆಳಿಗ್ಗೆ ಇಲ್ಲಿನ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಐವತ್ತು ಡಿಗ್ರಿ, ಚಳಿ. ಅವರೇ ಡ್ರೈವ್ ಮಾಡಿದರು, ನಾನು ದಾರಿಯುದ್ದಕ್ಕೂ ರಾಮ ರಾಮ ಅಂತ ಸೀಟ್ ಹಿಡಿದುಕೊಂಡಿದ್ದೆ. ಪ್ಲೇಟ್ ಸಿಕ್ಕಿಸಿ ಬಂದೆವು, ಕಿವಿಗೆ ಮುಚ್ಚಳ ಹಾಕ್ಕೊಂಡೆವು. ಅವರು ಗುಂಡಿ ಒತ್ತಿ, ಗಾಜಿಗೆ ಕಣ್ಣಿಟ್ಟು, "ಆಹಾ!" ಅಂದರು. "ಏನು ಚುಕ್ಕೆ ಕಣೇ, ಸರಳಾ! ಹಗಲಲ್ಲೂ ಎಷ್ಟು ಸ್ಪಷ್ಟ! ಅಗ್ಗದ್ದು ಅಂತ ನಗಾಡ್ತಿದ್ದೆಯಲ್ಲ?"

ಆಗಲೇ ನನಗೆ ಬ್ಯಾಟರಿ ನೆನಪಾಗಿದ್ದು. ಅದು ಮನೇಲಿ ತಕ್ಕಡಿಯೊಳಗೆ ಬೆಚ್ಚಗೆ ಕೂತಿದೆ! ನಗು ಉಕ್ಕಿ ಬಂತು. ಸೆರಗು ಇರಲಿಲ್ಲ, ಜಾಕೆಟ್ಟಿನ ಕಾಲರ್ ಬಾಯಿಗೆ ತುರುಕಿಕೊಂಡೆ. ಹೇಳಬೇಕಿತ್ತು, ಹೇಳಲಿಲ್ಲ. ಪಂದ್ಯ ಅಂದರೆ ಪಂದ್ಯ.

ಢಂ ಢಂ ಅಂತ ಹೊಡೆದೇ ಹೊಡೆದರು. ಎಲ್ಲರೂ ನಿಲ್ಲಿಸಿ ಬಂದೂಕು ಕೆಳಗಿಟ್ಟ ಮೇಲೆ ಹೋಗಿ ನೋಡಿದರೆ ನಮ್ಮ ಪ್ಲೇಟಿನಲ್ಲಿ ಇನ್ನೂ ಇಡ್ಲಿ ಬಡಿಸಬಹುದು. ಪಕ್ಕದ ಸಾಲಿನ ಹೆಂಗಸು ತನ್ನ ಪೇಪರ್ ಕೈಲಿ ಹಿಡಿದು, ತಾನು ಹೊಡೆದದ್ದಕ್ಕಿಂತ ಜಾಸ್ತಿ ತೂತು ಬಿದ್ದಿದೆಯಲ್ಲಾ ಅಂತ ಖುಷಿಯಾಗಿದ್ದಳು.

"ಗಾಳಿ" ಅಂದರು ನಮ್ಮವರು.

ನಾನು ವಾಪಸ್ ಬಂದು ಗಾಜಿನ ಮೇಲಿನ ಚುಕ್ಕೆಯನ್ನ ಉಗುರಲ್ಲಿ ಕೆರೆದು, ಅವರ ಮೂಗಿನ ಕೆಳಗೆ ಹಿಡಿದೆ. ಮೂಸಿದರು. ಕುಂಕುಮ. ಬ್ಯಾಟರಿ ಕತೆಯನ್ನೂ ಹೇಳಿದೆ. ಹೇಳ್ತಾ ಹೇಳ್ತಾ ಹೊಟ್ಟೆ ಹಿಡ್ಕೊಂಡು ನಕ್ಕೆ. ಅವರು ನಗಲಿಲ್ಲ. ಬಂದೂಕನ್ನ ಚೀಲಕ್ಕೆ ಹಾಕಿ ಜಿಪ್ ಎಳೆದು, ಕಾರಿನ ಹತ್ತಿರ ನಡೆದರು. ಪಾಪ ಅನ್ನಿಸಿತು.

"ಬಿಡಿ ರೀ, ಪೊರೆ ಇರಬೇಕು. ಅರ್ಧ ಗಂಟೆ ಆಪರೇಷನ್" ಅಂದೆ. "ಆದರೆ ಇಷ್ಟು ದಿನ ಅದು ಹೇಗೆ ಓಡಿಸಿದಿರಿ?"

"ಹೈವೇ ತೊಂದರೆಯಿಲ್ಲ. ಮುಂದಿನ ಟ್ರಕ್ ಹಿಂದೆ ಹೋದರಾಯ್ತು."

"ಮತ್ತೆ ಬೋಲಿಂಗ್‌ಬ್ರೂಕಲ್ಲಿ? ಮೊನ್ನೆ ಇಳಾನ್ನ ಹಿಂದೆ ಕೂರಿಸ್ಕೊಂಡು ಪಾರ್ಕಿಗೆ ಹೋದಿರಲ್ಲ?" ಇಳಾ ನಮ್ಮ ಮೊಮ್ಮಗಳು. ನಾಲ್ಕು ತುಂಬಿಲ್ಲ.

ಅವರು ಬಂದೂಕಿನ ಚೀಲವನ್ನ ಡಿಕ್ಕಿಗೆ ಇಟ್ಟರು.

"ಅದನ್ನ ಆಟ ಅಂತ ಹೇಳಿಕೊಟ್ಟಿದ್ದೆ. ಸಿಗ್ನಲ್ ಬಂದ ತಕ್ಷಣ ಹಿಂದಿನಿಂದ ಕೂಗ್ತಾಳೆ. 'ರೆಡ್, ಅಜ್ಜಾ! ಗ್ರೀನ್, ಅಜ್ಜಾ!' ಅಂತ." ಆಮೇಲೆ, ಹೆಮ್ಮೆಯಿಂದಲೇ, "ಒಂದು ಸಲವೂ ತಪ್ಪು ಹೇಳಿಲ್ಲ ಕಣೇ" ಅಂದರು.

ನನ್ನ ನಗು ಎಲ್ಲಿ ಹೋಯಿತೋ. ನಾನು ಕೈ ಚಾಚೋಕೆ ಮುಂಚೆಯೇ ಅವರು ಜೇಬಿನಿಂದ ಕೀಲಿ ತೆಗೆದು ನನ್ನ ಅಂಗೈಯಲ್ಲಿಟ್ಟು, ಬೆರಳುಗಳನ್ನ ತಾವೇ ಮುಚ್ಚಿದರು.